ಅಕ್ಕಡಿ ಸಾಲಿನ ತೊಗರಿ

2020ರ ಡಿಸೆಂಬರ್. ನಾನು ಆಗ ಔರಾದ ತಾಲೂಕಿನ ಒಂದು ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಕ ಕೃಷಿ ಅಧಿಕಾರಿ. ನೌಕರಿಗೆ ಸೇರಿ ಮೂವತ್ತೆರಡು ವರ್ಷವಾಗಿತ್ತು, ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಬೀದರ ಶಹರದ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಮೈತುಂಬ ಧೂಳು ಹೊತ್ತು ಬರುವುದು. ಬೀಜ, ಗೊಬ್ಬರ, ಸಬ್ಸಿಡಿ, ಸಭೆ, ವರದಿ ಇದರಲ್ಲೇ ಕೂದಲು ಬೆಳ್ಳಗಾದವಳಿಗೆ ಇನ್ನು ಹೊಸದಾಗಿ ಕಲಿಯುವುದು ಏನೂ ಉಳಿದಿಲ್ಲ ಅನ್ನುವ ಸೊಕ್ಕು ಇತ್ತು. ಆ ಸೊಕ್ಕು ಇಳಿಸಿದ್ದು ಡಾಬಕಾ ಊರಿನ ಹೆಣ್ಣುಮಕ್ಕಳ ತೊಗರಿ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ನನ್ನ ತಪ್ಪನ್ನೂ ಸೇರಿಸಿ.

ಆ ವರ್ಷ ದೆಹಲಿಯಲ್ಲಿ ಮೂರು ಕೃಷಿ ಕಾಯ್ದೆಗಳು ಪಾಸಾಗಿದ್ದವು. ರೈತ ತನ್ನ ಮಾಲನ್ನು ಎಪಿಎಂಸಿ ಅಂಗಳದ ಹೊರಗೆ ಯಾರಿಗಾದರೂ ಮಾರಬಹುದು ಎನ್ನುವುದು ಒಂದು. ಬಿತ್ತುವ ಮೊದಲೇ ಕಂಪನಿಯ ಜೊತೆ ಕರಾರು ಮಾಡಿಕೊಳ್ಳಬಹುದು ಎನ್ನುವುದು ಇನ್ನೊಂದು. ಕಾಳುಕಡಿ ದಾಸ್ತಾನಿಗೆ ಇದ್ದ ಮಿತಿಯನ್ನು ಸಡಿಲಿಸಿದ್ದು ಮೂರನೆಯದು. ನಮ್ಮ ರಾಜ್ಯವೂ ತನ್ನ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ತಂದಿತ್ತು. ದೆಹಲಿಯ ಗಡಿಯಲ್ಲಿ ರೈತರು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಚಳಿಯಲ್ಲಿ ಕೂತಿದ್ದರು. ಅದನ್ನು ಟಿವಿಯಲ್ಲಿ ನೋಡಿದ ನಮ್ಮ ಕಡೆಯ ಜನ ಕೇಳುತ್ತಿದ್ದದ್ದು ಒಂದೇ ಮಾತು, ಇನ್ನ ಮ್ಯಾಲ ಬೆಂಬಲ ಬೆಲಿ ಇರ್ತದೋ ಹೋಗ್ತದೋ ಅಂತ.

ಬೆಂಬಲ ಬೆಲೆಯ ಕಥೆ ಎಷ್ಟೋ ಜನ ಓದಿದವರಿಗೂ ಸರಿಯಾಗಿ ಗೊತ್ತಿಲ್ಲ. ನಿಜಾಮರ ಕಾಲದಲ್ಲಿ ನಮ್ಮ ಭಾಗದಲ್ಲಿ ಸರಕಾರ ಕಾಳು ತೆಗೆದುಕೊಳ್ಳುತ್ತದೆ ಅಂದರೆ ಅದು ಲೆವಿ. ಕಣಕ್ಕೆ ಬಂದು ಇಷ್ಟು ಕೊಡು ಅಂದರೆ ಕೊಡಬೇಕು, ಅಷ್ಟೇ. ಸ್ವಾತಂತ್ರ್ಯ ಬಂದ ಮೇಲೆ 1955ರಲ್ಲಿ ಅಗತ್ಯ ವಸ್ತುಗಳ ಕಾಯ್ದೆ ಬಂತು. 1965ರಲ್ಲಿ ಕೃಷಿ ಬೆಲೆಗಳ ಆಯೋಗ ಆಯಿತು, ಮರುವರ್ಷ ಮಾರುಕಟ್ಟೆ ಅಂಗಳಗಳಿಗೆ ನಮ್ಮ ರಾಜ್ಯದ ಕಾಯ್ದೆ ಬಂತು. ಗೋಧಿಯಿಂದ ಶುರುವಾದ ಬೆಂಬಲ ಬೆಲೆ ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಬೆಳೆಗಳಿಗೆ ಹಬ್ಬಿತು. ಆದರೆ ಒಂದು ವಿಷಯ ಗಮನಿಸಬೇಕು. ಕಬ್ಬಿನ ದರಕ್ಕೆ ಕಾಯ್ದೆಯ ಬಲ ಇದೆ, ಕಾರ್ಖಾನೆ ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ತೊಗರಿಗೆ ಅಂಥ ಯಾವ ಕಾಯ್ದೆಯೂ ಇಲ್ಲ. ಪ್ರತಿ ವರ್ಷ ಸರಕಾರ ಒಂದು ದರ ಸಾರುತ್ತದೆ, ಖರೀದಿ ಕೇಂದ್ರ ತೆಗೆಯುತ್ತದೆ, ಯಾರಿಂದ ಎಷ್ಟು ಕೊಳ್ಳಬೇಕು ಅನ್ನುವುದನ್ನು ಸುತ್ತೋಲೆಯಲ್ಲಿ ಹೇಳುತ್ತದೆ. ಕಾಯ್ದೆ ಬದಲಾಯಿಸಲು ಸಂಸತ್ತು ಸೇರಬೇಕು. ಸುತ್ತೋಲೆ ಬದಲಾಯಿಸಲು ಒಬ್ಬ ಟೈಪಿಸ್ಟ್ ಸಾಕು. ಈ ವ್ಯತ್ಯಾಸ ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಅನುಭವದಲ್ಲಿ ಗೊತ್ತಿರಲಿಲ್ಲ.

ನನಗೆ ಮೇಲಿನಿಂದ ಬಂದ ಹುಕುಂ ಏನೆಂದರೆ, ಬೆಂಬಲ ಬೆಲೆ ಎಲ್ಲಿಗೂ ಹೋಗುವುದಿಲ್ಲ ಎಂದು ಹಳ್ಳಿ ಹಳ್ಳಿಗೆ ತಿಳಿಸಿ ಹೇಳಿ, ಹಾಜರಾತಿ ಮತ್ತು ಫೋಟೋ ಸಮೇತ ವರದಿ ಕಳಿಸಿ ಅಂತ. ಚಿಂತಾಕಿಯಲ್ಲಿ ಸಭೆ ಮಾಡಿದೆ, ಇನ್ನೂ ನಾಲ್ಕು ಊರಲ್ಲಿ ಮಾಡಿದೆ. ಎಲ್ಲ ಕಡೆ ಗಂಡಸರು ಬಂದು ಕೂತು, ಕೇಳಿ, ಚಾ ಕುಡಿದು ಎದ್ದು ಹೋದರು. ಡಾಬಕಾದಲ್ಲಿ ಮಾತ್ರ ಹಿಂದೆ ಗೋಡೆಗೆ ಆತು ಕೂತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳು ಎದ್ದು ನಿಂತಳು. ಹೆಸರು ಇಂದುಬಾಯಿ, ವಯಸ್ಸು ಐವತ್ತರ ಆಸುಪಾಸು. ಗಂಡ ಮಾಣಿಕರಾವ್ ಮುಂದಿನ ಸಾಲಿನಲ್ಲೇ ಕೂತಿದ್ದ, ನಾಲ್ಕು ಎಕರೆ ಒಣಬೇಸಾಯದ ಸಾದಾ ಮನುಷ್ಯ. ಅವನು ತಿರುಗಿ ಹೆಂಡತಿಯನ್ನು ನೋಡಿ ನಕ್ಕ, ತಡೆಯಲಿಲ್ಲ.

"ಅಕ್ಕೋರ, ಹೊಲದ ಮಾಲಿಂದು ನೀವು ಹೇಳಿದಿರಿ, ಛಲೋ ಆಯ್ತು. ನಮ್ಮ ಅಕ್ಕಡಿ ತೊಗರಿ ತೊಗೋತಾರೇನ್ರಿ?"

ಅಕ್ಕಡಿ ಅಂದರೆ ಏನು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಮುಂಗಾರಿನಲ್ಲಿ ಸೋಯಾ, ಉದ್ದು, ಹೆಸರು ಬಿತ್ತುವಾಗ ಅಷ್ಟಷ್ಟು ಸಾಲಿಗೆ ಒಂದು ಸಾಲು ತೊಗರಿ ಬಿಡುತ್ತಾರೆ. ಸೋಯಾ ಮೂರೂವರೆ ತಿಂಗಳಿಗೆ ಕೈಗೆ ಬಂದು ಹೊಲ ಬಿಡುತ್ತದೆ, ತೊಗರಿ ಒಂಟಿಯಾಗಿ ನಿಂತು ಸಂಕ್ರಾಂತಿ ಹೊತ್ತಿಗೆ ಮಾಗುತ್ತದೆ. ಗಂಡಸು ಮುಂದೆ ಕೂರಿಗಿ ಹೊಡೆದರೆ ಹೆಂಗಸು ಹಿಂದೆ ನಡೆಯುತ್ತ ಕೊಳವೆಯಿಂದ ಆ ಬೀಜ ಬಿಡಬೇಕು. ಹೀಗಾಗಿ ಡಾಬಕಾದಂಥ ಊರುಗಳಲ್ಲಿ ಅಜ್ಜಿಯರ ಕಾಲದಿಂದ ಅಕ್ಕಡಿ ಸಾಲಿನ ತೊಗರಿ ಹೆಂಗಸಿನದು. ಕೊಯ್ಯುವುದು ಅವಳು, ಬಡಿಯುವುದು ಅವಳು, ಮಾರುವುದೂ ಅವಳೇ. ಅದರಲ್ಲಿ ಗಂಡಸು ಕೈ ಹಾಕುವುದಿಲ್ಲ. ಎಷ್ಟು ಬಂತು ಎಂದು ಕೇಳುವುದೂ ಇಲ್ಲ, ಕೇಳಿದರೆ ನಾಲ್ಕು ಜನ ನಗುತ್ತಾರೆ.

ನನಗೆ ಇದು ಹೊಸದಲ್ಲ. ನಮ್ಮದು ಭಾಲ್ಕಿ ತಾಲೂಕಿನ ಸಾಯಗಾಂವದ ಬೌದ್ಧ ಮನೆತನ. ಅಪ್ಪ ಸಾಲಿ ಮಾಸ್ತರನಾಗುವ ಮೊದಲು ನಮಗೆ ಹೊಲ ಇರಲಿಲ್ಲ. ನಮ್ಮವ್ವ ಬೇರೆಯವರ ಹೊಲದಲ್ಲಿ ಅಕ್ಕಡಿ ಬಿಡಲು ಹೋಗುತ್ತಿದ್ದಳು. ಕೂಲಿಯ ಜೊತೆಗೆ ಕೊಯ್ಲಿನ ದಿನ ಅವಳ ಪಾಲಿಗೆ ಒಂದು ಹೊರೆ ತೊಗರಿ. ಆ ಹೊರೆ ತಲೆ ಮೇಲೆ ಹೊತ್ತು ಬರುವಾಗ ಅವಳ ನಡಿಗೆಯೇ ಬೇರೆ ಇರುತ್ತಿತ್ತು. ಆದ್ದರಿಂದ ಇಂದುಬಾಯಿ ಕೇಳಿದ್ದು ಏನು ಅನ್ನುವುದು ನನಗೆ ತಟ್ಟನೆ ತಿಳಿಯಿತು.

ತೊಡಕು ಇದ್ದದ್ದು ಬೆಳೆ ಸಮೀಕ್ಷೆಯಲ್ಲಿ. ಪ್ರತಿ ವರ್ಷ ಆಗಸ್ಟ್ ಸುಮಾರಿಗೆ ಹೊಲಹೊಲಕ್ಕೆ ಹೋಗಿ ಮೊಬೈಲ್ ಆ್ಯಪ್‌ನಲ್ಲಿ ಫೋಟೋ ತೆಗೆದು ಯಾವ ಸರ್ವೇ ನಂಬರಿನಲ್ಲಿ ಯಾವ ಬೆಳೆ ಎಂದು ದಾಖಲು ಮಾಡುತ್ತಾರೆ. ಮಿಶ್ರ ಬೆಳೆ ಎಂದು ನಮೂದಿಸುವ ಅವಕಾಶವೂ ಅದರಲ್ಲಿ ಇದೆ. ಆದರೆ ಕೇಳಿದಾಗ ಡಾಬಕಾದ ಗಂಡಸರೆಲ್ಲ ಸೋಯಾ ಎಂದಷ್ಟೇ ಹೇಳಿದ್ದರು. ಸುಳ್ಳು ಹೇಳಬೇಕು ಅಂತಲ್ಲ. ಹೆಂಡತಿಯ ತೊಗರಿಯನ್ನು ತನ್ನ ಬೆಳೆ ಎಂದು ಸರಕಾರಕ್ಕೆ ಬರೆಸುವುದು ಅವರಿಗೆ ಮರ್ಯಾದೆ ಅನ್ನಿಸಲಿಲ್ಲ. ಹೀಗೆ ದಾಖಲೆಯಲ್ಲಿ ಆ ಊರಿನ ಅಕ್ಕಡಿ ತೊಗರಿ ಇರಲೇ ಇಲ್ಲ.

ಹಿಂದಿನ ವರ್ಷಗಳಲ್ಲಿ ಇಂಥ ಕಡೆ ನಾವು ಹೊಲ ನೋಡಿ ಒಂದು ದೃಢೀಕರಣ ಪತ್ರ ಕೊಟ್ಟರೆ ಖರೀದಿ ಕೇಂದ್ರದವರು ಒಪ್ಪುತ್ತಿದ್ದರು. ಈ ಸಲವೂ ಹಾಗೇ ಇದೆಯೋ ಇಲ್ಲವೋ ನನಗೆ ಖಾತ್ರಿ ಇರಲಿಲ್ಲ. ಸಭೆ ನಡೆಯುತ್ತಿದ್ದಾಗಲೇ ಹೊರಗೆ ಬಂದು ಬೀದರಿನ ನಮ್ಮ ಮೇಲಧಿಕಾರಿಗೆ ಫೋನು ಮಾಡಿದೆ. ಅವರ ಹೆಸರು ಇಲ್ಲಿ ಬೇಡ, ಸಾಹೇಬರು ಅಂದರೆ ಸಾಕು. ಎಲ್ಲಾ ವಿವರಿಸಿ ಕೇಳಿದೆ. ಪತ್ರ ಕೊಟ್ಟರೆ ನಡೆಯುತ್ತದೆ, ಹಿಂದಿನಂತೆಯೇ ಇದೆ, ಧೈರ್ಯವಾಗಿ ಹೇಳಿಬಿಡಿ ಎಂದರು. ಸಭೆಗೆ ಹೆಣ್ಣುಮಕ್ಕಳು ಎಷ್ಟು ಜನ ಬಂದಿದ್ದಾರೆ ಎಂದು ಕೇಳಿದರು. ಇಪ್ಪತ್ತೇಳು ಅಂದೆ. ಫೋಟೋದಲ್ಲಿ ಅವರೇ ಮುಂದೆ ಕಾಣಲಿ ಅಂದರು.

ಒಳಗೆ ಬಂದು ಹೇಳಿದೆ. ನಿಮ್ಮ ತೊಗರಿ ತೆಗೆದುಕೊಳ್ಳುತ್ತಾರೆ, ಹೊಲ ನೋಡಿ ನಾನು ಪತ್ರ ಕೊಡುತ್ತೇನೆ, ಈ ವರ್ಷ ಬಾಗಿಲಿಗೆ ಬಂದ ವ್ಯಾಪಾರಿಗೆ ಅಗ್ಗಕ್ಕೆ ಮಾರಬೇಡಿರಿ ಅಂದೆ. ಇಂದುಬಾಯಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಇದು ಕಾಯ್ದೆಯೊಳಗ ಅದ ಏನ್ರಿ ಎಂದು ಕೇಳಿದಳು. ಕಾಯ್ದೆಯಲ್ಲಿ ಇಲ್ಲ, ಆದರೆ ಸರಕಾರದ ಮಾತಿದೆ ಅಂದೆ.

"ಸರಕಾರದ ಮಾತ ನಮಗ್ಯಾಕ್ರಿ, ನಿಮ್ಮ ಮಾತ ಸಾಕು."

ಅವತ್ತು ಆ ಮಾತಿಗೆ ನನ್ನ ಎದೆ ಉಬ್ಬಿತ್ತು.

ನನ್ನ ಮಾತಿನ ಮೇಲೆ ಅವರು ಕೈಬಿಡುತ್ತಿದ್ದದ್ದು ಸಣ್ಣದಾಗಿರಲಿಲ್ಲ. ರಾಜ್ಯದ ಗಡಿ ಆಚೆಯಿಂದ ಪ್ರತಿ ಸುಗ್ಗಿಗೆ ಒಬ್ಬ ವ್ಯಾಪಾರಿ ಟೆಂಪೋ ತೆಗೆದುಕೊಂಡು ಬಂದು ಓಣಿಯ ಬಾಯಲ್ಲಿ ನಿಲ್ಲುತ್ತಿದ್ದ. ಹೆಣ್ಣುಮಕ್ಕಳು ಬುಟ್ಟಿ ಬುಟ್ಟಿ ತಂದು ಸುರಿಯುತ್ತಿದ್ದರು. ಅವನ ದರ ಬೆಂಬಲ ಬೆಲೆಗಿಂತ ಬಹಳ ಕೆಳಗೆ, ತೂಕದಲ್ಲೂ ಕೈ ಆಡಿಸುತ್ತಿದ್ದ ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ಬರುವವನು ಅವನೊಬ್ಬನೇ. ಆ ವರ್ಷ ಇಂದುಬಾಯಿ ಮನೆ ಮನೆಗೆ ಹೋಗಿ ಇಪ್ಪತ್ತೇಳೂ ಜನರನ್ನು ಒಪ್ಪಿಸಿ, ಟೆಂಪೋ ಬಂದಾಗ ಖಾಲಿ ಕಳಿಸಿದಳು. ಇನ್ನ ಈ ಕಡಿ ಬರಬ್ಯಾಡ ಎಂದು ಅವನ ಮುಖದ ಮೇಲೇ ಹೇಳಿದಳಂತೆ. ಅವನು ಗಾಡಿ ತಿರುಗಿಸಿದನಂತೆ.

ನಾನು ವಾರಕ್ಕೆರಡು ಸಲ ಹೋಗಿ ಎಫ್‌ಎಕ್ಯೂ ಅಂದರೆ ಏನು ಎಂದು ಕಲಿಸಿದೆ. ಖರೀದಿ ಕೇಂದ್ರದವರು ಒಪ್ಪುವ ಸರಾಸರಿ ಗುಣಮಟ್ಟ ಅದು. ತೇವಾಂಶ ನೂರಕ್ಕೆ ಹನ್ನೆರಡು ದಾಟಬಾರದು, ಮಣ್ಣು ಕಸ ಇರಬಾರದು, ಹುಳುಕು ಮತ್ತು ಒಡಕು ಕಾಳು ಹೆಚ್ಚಿರಬಾರದು. ಅವರು ಮಾಳಿಗೆ ಮೇಲೆ ಹಳೇ ಸೀರೆ ಹಾಸಿ ಒಣಗಿಸಿದರು, ಮೊರದಲ್ಲಿ ಕೇರಿದರು, ಹುಳುಕನ್ನು ಒಂದೊಂದಾಗಿ ಆರಿಸಿದರು. ತೇವಾಂಶ ಅಳೆಯುವ ಯಂತ್ರ ಒಯ್ದು ಅಲ್ಲಿಯೇ ನೋಡಿದೆ, ಇಂದುಬಾಯಿಯ ತೊಗರಿ ಹತ್ತೂವರೆ ತೋರಿಸಿತು. ಅಷ್ಟು ಚೊಕ್ಕ ತೊಗರಿ ನಾನು ಬೀಜ ಕೇಂದ್ರದಲ್ಲೂ ಕಂಡದ್ದು ಕಡಿಮೆ.

ಕಾಳು ಆರಿಸುತ್ತ ಕೂತಿದ್ದಾಗ ಅವಳೇ ಹೇಳಿದಳು. ಅವಳ ತಾಯಿ ಉದಗೀರದಲ್ಲಿ ಮಗನ ಮನೆಯಲ್ಲಿ ಇದ್ದಾಳೆ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಡಾಕ್ಟರು ಒಂದೊಂದಾಗಿ ಆಪರೇಷನ್ ಮಾಡಬೇಕು ಅಂದಿದ್ದಾರೆ. ಅಣ್ಣನ ಕೈಯಲ್ಲಿ ಏನೂ ಇಲ್ಲ. ಗಂಡನನ್ನು ಕೇಳಬಹುದಲ್ಲ ಅಂದೆ. ಮಾಣಿಕರಾವ್ ಇಲ್ಲ ಅನ್ನುವವನಲ್ಲ ಎಂದು ಅವಳೇ ಒಪ್ಪಿದಳು. ಆದರೆ ತವರಿನ ಕೆಲಸಕ್ಕೆ ಗಂಡನ ಮುಂದೆ ಕೈ ಒಡ್ಡಿದರೆ ತನ್ನ ತಾಯಿಯ ತಲೆ ತಗ್ಗುತ್ತದೆ ಅಂದಳು. ತೊಗರಿ ತನ್ನದು, ಇದಕ್ಕೆ ಯಾರನ್ನೂ ಕೇಳಬೇಕಿಲ್ಲ. ದರ ಬಂದರೆ ಎರಡೂ ಕಣ್ಣು ಈ ವರ್ಷವೇ ಮಾಡಿಸಿಬಿಡುತ್ತೇನೆ ಎಂದಳು.

ಖರೀದಿ ಕೇಂದ್ರದಲ್ಲಿ ನೋಂದಣಿ ಶುರುವಾದ ದಿನ ಇಪ್ಪತ್ತೇಳೂ ಜನ ಎರಡು ಟಂಟಂ ಆಟೋದಲ್ಲಿ ಬಂದರು. ಎಲ್ಲರೂ ಮಾಸ್ಕ್ ಹಾಕಿಕೊಂಡು, ಒಬ್ಬೊಬ್ಬರೂ ಸೆರಗಿನ ತುದಿಯಲ್ಲಿ ಒಂದು ಹಿಡಿ ಮಾದರಿ ಕಟ್ಟಿಕೊಂಡು, ಗಂಡನ ಪಹಣಿ, ಆಧಾರ್, ನನ್ನ ಪತ್ರ ಹಿಡಿದು ಸಾಲಾಗಿ ನಿಂತರು. ಮೊದಲು ಇಂದುಬಾಯಿ. ಕಂಪ್ಯೂಟರಿನ ಮುಂದಿದ್ದವ ಸರ್ವೇ ನಂಬರ್ ಒತ್ತಿದ, ತಲೆ ಅಲ್ಲಾಡಿಸಿದ. ಈ ಹೊಲದಲ್ಲಿ ತೊಗರಿ ಇಲ್ಲ ಅಂದ. ನನ್ನ ಪತ್ರ ಮುಂದಿಟ್ಟೆ. ಪತ್ರ ಅಂಟಿಸುವ ಜಾಗ ಇದರಲ್ಲಿ ಇಲ್ಲ ಮೇಡಂ, ಸಮೀಕ್ಷೆಯಲ್ಲಿ ಇದ್ದರೆ ಮಾತ್ರ ಮುಂದಿನ ಪುಟ ತೆರೆಯುತ್ತದೆ ಅಂದ. ಅವನ ತಪ್ಪೇನೂ ಇರಲಿಲ್ಲ. ಇಪ್ಪತ್ತೇಳು ಸಲ ಒತ್ತಿಸಿದೆ, ಇಪ್ಪತ್ತೇಳು ಸಲವೂ ಸೋಯಾ ಎಂದೇ ಬಂತು.

ಹೆಣ್ಣುಮಕ್ಕಳು ಗಲಾಟೆ ಮಾಡಲಿಲ್ಲ. ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತು. ಸಾಲು ಬಿಡದೆ ನಿಂತು ನನ್ನನ್ನೇ ನೋಡುತ್ತಿದ್ದರು, ಅಕ್ಕೋರು ಏನಾದರೂ ಮಾಡುತ್ತಾರೆ ಎಂದು. ನಾನು ಬೀದರಕ್ಕೆ ಹೋಗಿ ಸರಿಪಡಿಸಿಕೊಂಡು ಬರುತ್ತೇನೆ, ನೀವು ಊರಿಗೆ ನಡೆಯಿರಿ ಎಂದು ಕಳಿಸಿ, ಸಿಕ್ಕ ಬಸ್ಸು ಹತ್ತಿದೆ.

ಸಾಹೇಬರು ನನ್ನನ್ನು ಕೂರಿಸಿ, ಚಾ ತರಿಸಿ, ಮೇಜಿನ ಖಾನೆಯಿಂದ ಒಂದು ಸುತ್ತೋಲೆ ತೆಗೆದು ಕೊಟ್ಟರು. ಬೆಳೆ ಸಮೀಕ್ಷೆಯಲ್ಲಿ ತೊಗರಿ ದಾಖಲಾದವರಿಂದ ಮಾತ್ರ ಖರೀದಿ, ಬೇರೆ ಯಾವ ದೃಢೀಕರಣವನ್ನೂ ಪರಿಗಣಿಸತಕ್ಕದ್ದಲ್ಲ ಎಂದಿತ್ತು. ನಾನು ತಾರೀಖು ನೋಡಿದೆ. ಅದು ಡಾಬಕಾ ಸಭೆಗಿಂತ ಹನ್ನೊಂದು ದಿನ ಮೊದಲು ಅವರ ಕೈಸೇರಿತ್ತು. ಸ್ವೀಕೃತಿಯ ಶಿಕ್ಕಾ ಇತ್ತು, ಕೆಳಗೆ ಅವರದೇ ಸಣ್ಣ ಸಹಿ ಇತ್ತು. ಅಂದರೆ ನಾನು ಫೋನು ಮಾಡಿದಾಗ ಆ ಕಾಗದ ಅವರ ಖಾನೆಯಲ್ಲೇ ಇತ್ತು. ನನಗೆ ಮೈ ಉರಿದುಹೋಯಿತು. ಹಿಂದಿನಂತೆಯೇ ಇದೆ ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ.

"ಆ ಹೊತ್ತಿನ್ಯಾಗ ಇಲ್ಲ ಅಂದಿದ್ರ ನಿಮ್ಮ ಸಭಾ ಮುಂದ ನಡೀತಿತ್ತೇನ್ರಿ? ಹೆಣ್ಮಕ್ಕಳದು ಅಷ್ಟು ಛಲೋ ಫೋಟೋ ಇಡೀ ಜಿಲ್ಲಾದಾಗ ಬ್ಯಾರೆ ಬಂದಿಲ್ಲ."

ಇಷ್ಟನ್ನು ಅವರು ನಗುನಗುತ್ತ ಹೇಳಿದರು. ಇಪ್ಪತ್ತು ವರ್ಷದ ಪರಿಚಯ. ಅವರ ಮಗಳ ಮದುವೆಯಲ್ಲಿ ನಾನು ಎರಡು ದಿನ ಓಡಾಡಿದವಳು. ನನ್ನ ಬಾಯಿಂದ ಇಪ್ಪತ್ತೇಳು ಮನೆಗೆ ಸುಳ್ಳು ಹೇಳಿಸಿ, ಅದನ್ನು ಫೋಟೋ ಮಾಡಿ ಮೇಲೆ ಕಳಿಸಿ, ಈಗ ಚಾ ಆರುತ್ತದೆ ಕುಡಿಯಿರಿ ಅನ್ನುತ್ತಿದ್ದರು. ನೀವು ಹೇಳಿದ್ದಕ್ಕೇ ನಾನು ಮಾತು ಕೊಟ್ಟದ್ದು ಎಂದು ಎಲ್ಲರ ಮುಂದೆ ಹೇಳುತ್ತೇನೆ ಅಂದೆ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಎಲ್ಲಿದೆ ಅಂದರು. ಆಮೇಲೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಡಾಬಕಾದ ಸಮೀಕ್ಷೆ ತೆಗೆದು, ಇಂದುಬಾಯಿಯ ಹೊಲದ ಫೋಟೋ ತೋರಿಸಿದರು.

ಹಸಿರು ಸೋಯಾದ ನಡುವೆ ಗೇಣುದ್ದದ ತೊಗರಿ ಸಾಲು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಪಕ್ಕದಲ್ಲಿ ಬೆಳೆ: ಸೋಯಾ, ಏಕ ಬೆಳೆ. ಕೆಳಗೆ ಪರಿಶೀಲಿಸಿ ಅನುಮೋದಿಸಿದವರು ಎಂಬಲ್ಲಿ ನನ್ನ ಹೆಸರು.

ನನಗೆ ನೆನಪಿತ್ತು. ಸಮೀಕ್ಷೆಯ ಕೊನೆಯ ದಿನ, ಗುರಿ ಮುಟ್ಟಿಲ್ಲ ಎಂದು ಮೇಲಿಂದ ಮೇಲೆ ಫೋನು, ಒಂದು ಮಧ್ಯಾಹ್ನ ಕೂತು ನಾಲ್ಕು ಊರಿನ ಫೋಟೋಗಳನ್ನು ನೋಡಿದೆ, ನೋಡಿದೆ ಅನ್ನುವುದೂ ಸುಳ್ಳು, ಒಪ್ಪಿಗೆ ಒಪ್ಪಿಗೆ ಎಂದು ಬೆರಳು ಒತ್ತಿದ್ದೆ. ಸಾಯಗಾಂವದ ಅಕ್ಕಡಿ ಹೊರೆಯ ಮೇಲೆ ಬೆಳೆದವಳಿಗೆ ತೊಗರಿ ಸಾಲು ಕಣ್ಣ ಮುಂದೆ ಬಂದರೂ ಕಾಣಲಿಲ್ಲ.

ಆಕ್ಷೇಪಣೆ ಸಲ್ಲಿಸುವ ಅವಧಿ ಮುಗಿದಿತ್ತು. ಒಂದು ದಾರಿ ಮಾತ್ರ ಇತ್ತು. ಸಮೀಕ್ಷೆ ತಪ್ಪಾಗಿದೆ, ಆ ತಪ್ಪು ನನ್ನದು ಎಂದು ನಾನೇ ಲಿಖಿತ ವರದಿ ಕೊಟ್ಟರೆ ಅದು ಬೆಂಗಳೂರಿಗೆ ಹೋಗಿ ತಿದ್ದುಪಡಿ ಆದರೂ ಆಗಬಹುದಿತ್ತು. ಸಾಹೇಬರು ಅದನ್ನೂ ತಣ್ಣಗೆ ವಿವರಿಸಿದರು. ಬರೆಯಿರಿ, ಕಳಿಸುತ್ತೇನೆ, ಆದರೆ ಮೊದಲು ನಿಮಗೆ ನೋಟಿಸ್ ಬರುತ್ತದೆ, ವಿಚಾರಣೆ ಮುಗಿಯುವ ತನಕ ಪಿಂಚಣಿ ಕಾಗದ ಅಲ್ಲಾಡುವುದಿಲ್ಲ, ಅಷ್ಟರಲ್ಲಿ ಖರೀದಿಯೂ ಮುಗಿದಿರುತ್ತದೆ ಅಂದರು. ನಾನು ಮನೆಗೆ ಬಂದು ಮೂರು ದಿನ ಯೋಚನೆ ಮಾಡಿದೆ. ಬರೆಯಲಿಲ್ಲ. ಇದಕ್ಕೆ ನಾನು ಯಾವ ನೆಪವನ್ನೂ ಹೇಳುವುದಿಲ್ಲ. ಹೆದರಿದೆ, ಬರೆಯಲಿಲ್ಲ.

ನಾಲ್ಕನೆಯ ದಿನ ಡಾಬಕಾಕ್ಕೆ ಹೋಗಿ ಆಗಲಿಲ್ಲ ಎಂದು ಹೇಳಿದೆ. ಸುತ್ತೋಲೆ ಬಂದಿದೆ ಎಂದೆ, ಮೇಲಿನವರು ಕೇಳಲಿಲ್ಲ ಎಂದೆ. ಸಮೀಕ್ಷೆಗೆ ಒಪ್ಪಿಗೆ ಒತ್ತಿದ ಬೆರಳು ನನ್ನದು ಎಂದು ಮಾತ್ರ ಹೇಳಲಿಲ್ಲ. ಇಂದುಬಾಯಿ ಕೇಳಿಸಿಕೊಂಡು, ಇರಲಿ ಬಿಡ್ರಿ ಅಕ್ಕೋರ, ನೀವರ ಏನ್ ಮಾಡ್ತೀರಿ ಅಂದಳು. ಉಳಿದವರು ಅವಳನ್ನು ಸುಮ್ಮನೆ ಬಿಡಲಿಲ್ಲ. ಇವಳ ಮಾತು ಕೇಳಿ ಕೆಟ್ಟೆವು ಎಂದು ಓಣಿಯಲ್ಲಿ ಎದುರಿಗೇ ಅಂದರು. ವ್ಯಾಪಾರಿಗೆ ಮೂರು ಸಲ ಹೇಳಿ ಕಳಿಸಬೇಕಾಯಿತು. ಬಂದವನು ಮೊದಲಿಗಿಂತ ಇನ್ನೂ ಇಳಿಸಿ ಕೇಳಿದ, ಅವರು ಕೊಟ್ಟರು. ಅಷ್ಟು ಚೊಕ್ಕ ಮಾಡಿದ ತೊಗರಿಯನ್ನು ಅವನು ಬೇರೆಯವರ ಕಸದ ತೊಗರಿಯ ಜೊತೆ ಒಂದೇ ಚೀಲಕ್ಕೆ ಸುರಿದನಂತೆ. ಇಂದುಬಾಯಿಗೆ ಬಂದದ್ದರಲ್ಲಿ ತಾಯಿಯ ಒಂದು ಕಣ್ಣಿನ ಆಪರೇಷನ್ ಆಯಿತು. ಇನ್ನೊಂದು ಕಣ್ಣು ಮುಂದಿನ ವರ್ಷಕ್ಕೆ ಉಳಿಯಿತು.

ಆ ಮುಂದಿನ ವರ್ಷ ನಾನು ಪಾಪ ತೊಳೆದುಕೊಳ್ಳಲು ಹೊರಟೆ. 2021ರ ಆಗಸ್ಟಿನಲ್ಲಿ ಡಾಬಕಾದ ಸಮೀಕ್ಷೆಗೆ ನಾನೇ ನಿಂತೆ. ಕೆಸರಿನಲ್ಲಿ ಹೊಲ ಹೊಲ ತಿರುಗಿದೆ. ಅಕ್ಕಡಿಯನ್ನು ಬರೆಸಲು ಗಂಡಸರು ಹಿಂದೆಮುಂದೆ ನೋಡಿದರು. ಅದು ನಮ್ಮದಲ್ರಿ, ಮನಿಯಾಗಿನೋರದು ಎಂದು ಮಾಣಿಕರಾವ್ ನಾಚಿಕೊಂಡೇ ಹೇಳಿದ. ನಾನು ಗದರಿಸಿದೆ. ಬರೆಸಿದರೆ ನಿಮ್ಮ ಗಂಟೇನು ಹೋಗುತ್ತದೆ, ಹೋದ ವರ್ಷ ಬರೆಸದೇ ಇದ್ದದ್ದಕ್ಕೇ ಹೆಣ್ಣುಮಕ್ಕಳಿಗೆ ಆ ಗತಿ ಬಂತು ಅಂದೆ. ಎಲ್ಲ ಹೊಲಕ್ಕೂ ಸೋಯಾ ಮತ್ತು ತೊಗರಿ, ಮಿಶ್ರ ಬೆಳೆ ಎಂದು ಬರೆಸಿ, ಪ್ರತಿ ಫೋಟೋ ಕಣ್ಣಿಟ್ಟು ನೋಡಿ ಒಪ್ಪಿಗೆ ಒತ್ತಿದೆ. ನವೆಂಬರಿನಲ್ಲಿ ದೆಹಲಿಯಿಂದ ಮೂರು ಕಾಯ್ದೆಗಳನ್ನು ಹಿಂದಕ್ಕೆ ಪಡೆಯುವ ಘೋಷಣೆ ಬಂತು. ಟಿವಿಯಲ್ಲಿ ಪಟಾಕಿ, ಸಿಹಿ. ಬೆಂಬಲ ಬೆಲೆಗೂ ಕಾಯ್ದೆ ತನ್ನಿ ಎನ್ನುವ ಬೇಡಿಕೆ ಹಾಗೇ ಉಳಿಯಿತು.

ಸುಗ್ಗಿ ಬಂತು. ಈ ಸಲ ಸರ್ವೇ ನಂಬರ್ ಒತ್ತಿದರೆ ತೊಗರಿ ಬಂತು, ಮುಂದಿನ ಪುಟ ತೆರೆಯಿತು. ಹೆಣ್ಣುಮಕ್ಕಳು ತಂದ ಚೀಲ ತೂಗಿದರು, ಒಂದೂ ತಿರಸ್ಕಾರ ಆಗಲಿಲ್ಲ. ಪೂರಾ ಬೆಂಬಲ ಬೆಲೆ ಸಿಕ್ಕಿತು. ನಾನು ತಕ್ಕಡಿಯ ಪಕ್ಕ ನಿಂತು ಕಣ್ಣು ತುಂಬಿಕೊಂಡೆ. ಮೇ ತಿಂಗಳ ಕೊನೆಗೆ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಸಾಹೇಬರೇ ಶಾಲು ಹೊದಿಸಿ, ಡಾಬಕಾದ ಹೆಣ್ಣುಮಕ್ಕಳಿಗೆ ಬೆಂಬಲ ಬೆಲೆ ಕೊಡಿಸಿದವರು ಎಂದು ಮೈಕಿನಲ್ಲಿ ಹೊಗಳಿದರು. ನನಗೆ ಅಸಹ್ಯವಾಯಿತು, ಆದರೂ ಒಳಗೊಳಗೆ ಹಿತವೂ ಆಯಿತು. ಅದು ನನ್ನ ನಿಜ.

ಜುಲೈ ತಿಂಗಳಲ್ಲಿ, ಬಿತ್ತನೆ ಮುಗಿದ ಹೊತ್ತಿಗೆ, ಯಾವ ಕೆಲಸವೂ ಇಲ್ಲದೆ ಡಾಬಕಾಕ್ಕೆ ಹೋದೆ. ಹೊಗಳಿಸಿಕೊಳ್ಳಲು ಹೋದೆ ಅಂದರೂ ತಪ್ಪಿಲ್ಲ. ಇಂದುಬಾಯಿ ಕೈಕಾಲಿಗೆ ನೀರು ಕೊಟ್ಟಳು, ಚಾ ಕೊಟ್ಟಳು, ನನ್ನ ಮೊಣಕಾಲು ನೋವು ಕೇಳಿದಳು, ತೊಗರಿಯ ಸುದ್ದಿ ಮಾತ್ರ ಎತ್ತಲಿಲ್ಲ. ನಾನೇ ಎತ್ತಿದೆ. ತಾಯಿಯ ಇನ್ನೊಂದು ಕಣ್ಣಿನ ಆಪರೇಷನ್ ಆಯಿತೇನವ್ವ ಎಂದು ಕೇಳಿದೆ. ಇಲ್ರಿ ಅಂದಳು. ಯಾಕ, ಈ ವರ್ಷ ದರ ಪೂರಾ ಬಂತಲ್ಲ ಅಂದೆ.

"ಬಂದದ ಅಂತ್ರಿ" ಅಂದಳು.

ಅಂತ ಅಂದರೆ ಏನು ಎಂದು ನಾನು ಕೇಳಬೇಕಾಗಲಿಲ್ಲ. ಅಷ್ಟು ವರ್ಷ ನೌಕರಿ ಮಾಡಿದವಳಿಗೆ ಆ ಒಂದು ಮಾತಿನಲ್ಲಿ ಎಲ್ಲಾ ತಿಳಿಯಿತು. ಬೆಂಬಲ ಬೆಲೆಯ ರೊಕ್ಕ ಕೈಗೆ ಬರುವುದಿಲ್ಲ, ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಯಾರ ಖಾತೆಗೆ ಅಂದರೆ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಡಾಬಕಾದ ಇಪ್ಪತ್ತೇಳು ಪಹಣಿಗಳೂ ಗಂಡಸರ ಹೆಸರಿನಲ್ಲಿ ಇದ್ದವು. ದಲ್ಲಾಳಿ ನಡುವೆ ಬರದಿರಲಿ ಎಂದು ಮಾಡಿದ ಆ ಏರ್ಪಾಡನ್ನು ನಾನು ನೂರು ಸಭೆಯಲ್ಲಿ ಹೊಗಳಿದವಳು. ಇಲ್ಲಿ ನಡುವಿನಿಂದ ಹೊರಗೆ ಹೋದವಳು ಇಂದುಬಾಯಿ.

ಮಾಣಿಕರಾವ್ ಕೆಟ್ಟವನಲ್ಲ, ಇವತ್ತಿಗೂ ಹೇಳುತ್ತೇನೆ. ಅವನ ಫೋನಿಗೆ ಮೆಸೇಜ್ ಬಂತು, ಹೊಲದ ಬೆಳೆಯ ರೊಕ್ಕ ಅಂತಲೇ ಬಂತು. ಸಮೀಕ್ಷೆಯಲ್ಲಿ ಅದು ಅವನ ಬೆಳೆ ಎಂದು ಬರೆಸಿದವಳು ನಾನೇ. ಅವನು ಅದನ್ನು ಹೊಸದಾಗಿ ಕೊರೆಸಿದ ಬೋರ್‌ವೆಲ್ಲಿನ ಮೋಟಾರಿಗೆ, ಪೈಪಿಗೆ ಹಾಕಿದ. ಮನೆಗೇ ಹಾಕಿದ. ಕೇಳಿದರೆ ಕೊಡುತ್ತಿದ್ದ, ಆದರೆ ಈಗ ಅವಳು ಕೇಳಬೇಕಿತ್ತು. ಕೇಳಲಿಲ್ಲ.

ಆವತ್ತು ನಾನು ಮೊದಲ ವರ್ಷದ ಸಂಗತಿಯನ್ನೂ ಹೇಳಿಬಿಟ್ಟೆ. ಫೋಟೋ ನೋಡದೆ ಒಪ್ಪಿಗೆ ಒತ್ತಿದ್ದು ನಾನು, ವರದಿ ಬರೆಯಲು ಹೆದರಿದವಳೂ ನಾನು ಅಂದೆ. ಇಂದುಬಾಯಿ ಸಿಟ್ಟು ಮಾಡುತ್ತಾಳೆ ಅಂದುಕೊಂಡೆ, ಮಾಡಲಿಲ್ಲ.

"ಅಕ್ಕೋರ, ಆ ವ್ಯಾಪಾರಿ ತೂಕದಾಗ ಹೊಡೀತಿದ್ದ, ದರದಾಗ ಹೊಡೀತಿದ್ದ, ಎಲ್ಲಾ ಖರೆ ಅದ. ಆದರ ರೊಕ್ಕ ನನ್ನ ಕೈಯಾಗ ಇಟ್ಟು ಹೋಗ್ತಿದ್ದ."

ಚಾದ ಖಾಲಿ ಕಪ್ಪು ಎತ್ತಿಡುತ್ತ, ಈ ವರ್ಷ ನಾ ಅಕ್ಕಡಿ ಬಿಡಲಿಲ್ರಿ ಎಂದಳು. ಹೊಲಕ್ಕೆ ಹೋಗಿ ನೋಡಿದೆ. ಬದುವಿನಿಂದ ಬದುವಿನವರೆಗೆ ಬರೀ ಸೋಯಾ ಇತ್ತು.

ಕಾಯ್ದೆ ಬರಲಿ, ಹೋಗಲಿ, ಸುತ್ತೋಲೆ ಬದಲಾಗಲಿ, ರೈತರಿಗೆ ಬೆಂಬಲ ಎಂದು ಯಾರೇ ಹೇಳಿದರೂ ನಾನು ಈಗ ಮೊದಲು ಕೇಳುವುದು, ಅದು ಕೊನೆಗೆ ಯಾರ ಕೈಗೆ ಮುಟ್ಟುತ್ತದೆ ಅಂತ. ಮೂವತ್ತಮೂರು ವರ್ಷ ಇದನ್ನು ಕೇಳದೆಯೇ ಸಂಬಳ ಎಣಿಸಿದೆ. ನನ್ನ ನೌಕರಿ ಕಲಿಸಿದ್ದು ಇಷ್ಟೇ, ಅದೂ ನೌಕರಿ ಮುಗಿದ ಮೇಲೆ. ನನಗೆ ಸುಳ್ಳು ಹೇಳಿದ ಸಾಹೇಬರನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಇಂದುಬಾಯಿ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಕೇಳುವ ಧೈರ್ಯ ಮಾತ್ರ ಇದುವರೆಗೆ ಬಂದಿಲ್ಲ.